ಕಸದ ಬುಟ್ಟಿ ಖಾಲಿ ಮಾಡುವ ಮುನ್ನ...

ಅಡುಗೆಮನೆಯ ಕಸದ ಬುಟ್ಟಿಗೆ ಕೈ ಹಾಕಿ ಹುಡುಕಿದ ಅನುಭವ ನಿಮಗಿದೆಯಾ? ನನಗಂತೂ ಇದೆ. ಮಾವಿನಹಣ್ಣಿನ ಕಾಲದಲ್ಲಿ ಸಿಪ್ಪೆ, ಓಟೆಯ ಜೊತೆ ಚಮಚವೂ ಬುಟ್ಟಿಗೆ ಹೋಗಿರುತ್ತೆ. ಪಾತ್ರೆ ತೊಳೆದು ಜೋಡಿಸುವಾಗ ಲೆಕ್ಕ ಹಾಕಿದರೆ ಒಂದು ಕಡಿಮೆ! ಆಗ ಮೂಗು ಮುಚ್ಚಿಕೊಂಡು ಸಿಪ್ಪೆ ಸರಿಸಿ ನೋಡಿದರೆ ಚಮಚ ತಳದಲ್ಲಿ ತಣ್ಣಗೆ ಕೂತಿರುತ್ತೆ. ತೊಳೆದು ಸ್ಟ್ಯಾಂಡಿಗೆ ಹಾಕಿದರೆ ಮುಗೀತು. ಆದರೆ ಬೆಳಿಗ್ಗೆ ಕಸದ ಆಟೋ ಬಂದು ಹೋದ ಮೇಲೆ ನೆನಪಾದರೆ? ಆ ಚಮಚ ಹೋದ ಹಾಗೇನೇ.

ಕಂಪ್ಯೂಟರಿನಲ್ಲಿರುವ ಕಸದ ಬುಟ್ಟಿಯೂ ಹೆಚ್ಚುಕಡಿಮೆ ಹೀಗೇನೇ. ವಿಂಡೋಸ್‌ನಲ್ಲಿ ಅದಕ್ಕೆ ರೀಸೈಕಲ್ ಬಿನ್ ಅಂತಾರೆ, ಆಪಲ್ ಕಂಪ್ಯೂಟರಿನಲ್ಲಿ ಟ್ರ್ಯಾಶ್ ಅಥವಾ ಬಿನ್ ಅಂತಾರೆ, ಐಫೋನಿನ ಫೋಟೋಗಳಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ ಅಂತಿರುತ್ತೆ. ಹೆಸರು ಯಾವುದಾದರೂ ಕೆಲಸ ಒಂದೇ. ಬೇಡ ಅಂದದ್ದನ್ನು ಸ್ವಲ್ಪ ದಿನ ಇಟ್ಟುಕೊಂಡು, ‘ನಿಜವಾಗಲೂ ಬೇಡವಾ?’ ಅಂತ ಕಾಯುವ ಬುಟ್ಟಿ ಅದು. ಆದರೆ ಈ ಬುಟ್ಟಿಯನ್ನು ನಾವು ಅರ್ಥ ಮಾಡಿಕೊಂಡಿರುವ ರೀತಿ ಇದೆಯಲ್ಲ, ಅದು ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಥರ. ಕೆಲವರಿಗೆ ಅದು ಅಟ್ಟ, ಕೆಲವರಿಗೆ ಬೀರು, ಇನ್ನು ಕೆಲವರಿಗೆ ಒಲೆ... ಹಾಕಿದ ಕೂಡಲೇ ಸುಟ್ಟು ಬೂದಿಯಾಯ್ತು ಅಂದುಕೊಂಡಿರುತ್ತಾರೆ. ಮೂರೂ ತಪ್ಪು. ಈ ತಪ್ಪಿಗೆ ನಾನು ತೆತ್ತ ಬೆಲೆ ಏನು ಅಂತ ಮೊದಲು ಹೇಳಿಬಿಡ್ತೀನಿ.

<b>ಅಮ್ಮನ ಹಾಡು ಹೋದದ್ದು</b>

ನಮ್ಮಮ್ಮ ಆರತಿ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು ಎಲ್ಲವನ್ನೂ ಬಾಯಲ್ಲೇ ಕಲಿತವರು. ಪುಸ್ತಕದಲ್ಲಿ ಬರೆದಿಟ್ಟವರಲ್ಲ. 2019ರ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ, ಮಧ್ಯಾಹ್ನ ಊಟ ಆದಮೇಲೆ ಅವರನ್ನು ಕೂರಿಸಿಕೊಂಡು ಒಂಬತ್ತು ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. “ಸಾಕು ಬಿಡೇ, ಗಂಟಲು ಒಣಗ್ತಿದೆ” ಅಂತ ಅವರು ನಡುವೆ ಹೇಳಿದ್ದೂ ಅದರಲ್ಲಿತ್ತು. ಫೋನು ತುಂಬಿತು ಅಂತ ಆಮೇಲೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ, ‘ಅಮ್ಮ’ ಅಂತ ಫೋಲ್ಡರ್ ಮಾಡಿ, ಫೋನಿನಿಂದ ಅಳಿಸಿದೆ. 2022ರಲ್ಲಿ ಅಮ್ಮ ಹೋದರು.

ಕಳೆದ ವರ್ಷ ಆಷಾಢದಲ್ಲಿ ಲ್ಯಾಪ್‌ಟಾಪ್ ತುಂಬಿ ಕೆಂಪು ಪಟ್ಟಿ ತೋರಿಸೋಕೆ ಶುರುವಾಯ್ತು. ಸರಿ, ದೊಡ್ಡ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಇಲ್ಲಿಂದ ತೆಗೆದುಬಿಡೋಣ ಅಂತ ಕೂತೆ. ಮಗಳ ಹುಟ್ಟುಹಬ್ಬದ ವಿಡಿಯೋಗಳು ಕಾಪಿ ಆಗೋಕೆ ಇಪ್ಪತ್ತು ನಿಮಿಷ ಬೇಕಾಯ್ತು. ಅಮ್ಮನ ಫೋಲ್ಡರ್ ಮಾತ್ರ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕಾಪಿ ಆಯ್ತು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಪೆನ್‌ಡ್ರೈವ್‌ನಿಂದ ತೆರೆದು ಒಂದು ಹಾಡು ಹಾಕಿಯೂ ನೋಡಿದೆ, ಚೆನ್ನಾಗಿ ಕೇಳಿಸಿತು. ಧೈರ್ಯವಾಗಿ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಡಿಲೀಟ್ ಮಾಡಿದೆ.

ಆದದ್ದೇನು ಗೊತ್ತಾ? ನಾನು ಕಾಪಿ ಮಾಡಿದ್ದು ಫೋಲ್ಡರನ್ನಲ್ಲ, ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡಿದ್ದ ಅದರ ಶಾರ್ಟ್‌ಕಟ್ಟನ್ನು. ಶಾರ್ಟ್‌ಕಟ್ ಅಂದರೆ ಬರೀ ವಿಳಾಸದ ಚೀಟಿ. ಚಿತ್ರದ ಮೂಲೆಯಲ್ಲಿ ಬಾಗಿದ ಸಣ್ಣ ಬಾಣ ಇದ್ದರೆ ಅದು ಶಾರ್ಟ್‌ಕಟ್ ಅಂತ ಅರ್ಥ. ಪೆನ್‌ಡ್ರೈವ್‌ನಲ್ಲಿದ್ದ ಚೀಟಿ ಲ್ಯಾಪ್‌ಟಾಪಿನಲ್ಲೇ ಇದ್ದ ಹಾಡುಗಳ ಕಡೆ ಬೆರಳು ತೋರಿಸುತ್ತಿತ್ತು, ಅದಕ್ಕೇ ಕೇಳಿಸಿತು. ಮನೆಯನ್ನೇ ಕೆಡವಿದ ಮೇಲೆ ವಿಳಾಸ ಇಟ್ಟುಕೊಂಡು ಏನು ಮಾಡೋದು?

ಆದರೂ ಅಷ್ಟರಲ್ಲಿ ಏನೂ ಮುಳುಗಿರಲಿಲ್ಲ. ಹಾಡುಗಳು ರೀಸೈಕಲ್ ಬಿನ್‌ನಲ್ಲಿ ಕ್ಷೇಮವಾಗಿದ್ದವು. ನಾಲ್ಕು ದಿನ ಬಿಟ್ಟು ನಮ್ಮೆಜಮಾನ್ರು ಲ್ಯಾಪ್‌ಟಾಪ್ ಇನ್ನೂ ನಿಧಾನ ಅಂತ ಬಿನ್ ಖಾಲಿ ಮಾಡಿದರು. ಅವರನ್ನು ಬೈಯುವ ಹಾಗೂ ಇಲ್ಲ. “ಕಸದ ಬುಟ್ಟಿ ಅಲ್ವೇನೇ, ಕಸಾನೇ ಇರುತ್ತೆ ಅಂದ್ಕೊಂಡೆ” ಅಂದರು. ವರಮಹಾಲಕ್ಷ್ಮಿ ಹಬ್ಬದ ದಿನ ಪೂಜೆ ಹೊತ್ತಿಗೆ ಅಮ್ಮನ ಆರತಿ ಹಾಡು ಹಾಕೋಣ ಅಂತ ಪೆನ್‌ಡ್ರೈವ್ ತೆಗೆದಾಗಲೇ ಗೊತ್ತಾದದ್ದು. ಹಬ್ಬದ ಸೀರೆ ಉಟ್ಟುಕೊಂಡೇ ಕೂತು ಅತ್ತುಬಿಟ್ಟೆ.

ತಮ್ಮನಿಗೆ ಫೋನ್ ಮಾಡಿದರೆ ಮೊದಲು ಹೇಳಿದ್ದೇ, “ಅಕ್ಕಾ, ಲ್ಯಾಪ್‌ಟಾಪ್ ಈಗಲೇ ಆಫ್ ಮಾಡು, ಏನೂ ಮುಟ್ಟಬೇಡ” ಅಂತ. ಡೇಟಾ ರಿಕವರಿ ಮಾಡುವ ಅಂಗಡಿಗೆ ಕೊಟ್ಟೆವು. ನಾಲ್ಕು ಸಾವಿರ ರೂಪಾಯಿ ಹೋಯ್ತು. ಒಂಬತ್ತರಲ್ಲಿ ಐದು ಹಾಡು ಸರಿಯಾಗಿ ಸಿಕ್ಕವು. ಒಂದು ಅರ್ಧಕ್ಕೇ ನಿಂತುಹೋಗುತ್ತೆ. ಮೂರು ಸಿಗಲೇ ಇಲ್ಲ. ಹಸೆ ಹಾಡು ಆ ಮೂರರಲ್ಲಿ ಒಂದು.

<b>ಯಾವುದು ಕಸ ಅಂತ ಹೇಳೋರು ಯಾರು?</b>

ಇದನ್ನು ಹೇಳಿದಾಗ ಪರಿಚಯದ ಗಂಡಸರೊಬ್ಬರು ನಕ್ಕು, “ಹೆಂಗಸರ ಕೈಗೆ ಕಂಪ್ಯೂಟರ್ ಕೊಟ್ಟರೆ ಹೀಗೇನೇ” ಅಂದರು. ನನಗೆ ಕೋಪ ಬಂತು. ಬಿನ್ ಖಾಲಿ ಮಾಡಿದವರು ಹೆಂಗಸಲ್ಲವಲ್ಲ! ಇರಲಿ, ಇಲ್ಲಿ ಗಂಡಸು-ಹೆಂಗಸಿನ ಪ್ರಶ್ನೆ ಕಂಪ್ಯೂಟರ್ ಬರುತ್ತೋ ಇಲ್ಲವೋ ಅನ್ನೋದರಲ್ಲಿಲ್ಲ, ಬೇರೆ ಕಡೆ ಇದೆ.

ಮನೆಗೊಂದೇ ಲ್ಯಾಪ್‌ಟಾಪ್ ಇರುವ ಕಡೆ ನೋಡಿ. ಅದರಲ್ಲಿ ಯಜಮಾನರದ್ದು ‘ಆಫೀಸ್’ ಫೈಲು, ಅದನ್ನು ಯಾರೂ ಮುಟ್ಟೋ ಹಾಗಿಲ್ಲ. ಮಕ್ಕಳದ್ದು ‘ಪ್ರಾಜೆಕ್ಟ್’, ಅದೂ ಮುಖ್ಯ. ನಮ್ಮದು? ರಂಗೋಲಿ ಚಿತ್ರ, ಅಡುಗೆ ಬರಹ, ಚೀಟಿ ವ್ಯವಹಾರದ ಲೆಕ್ಕ, ಹೊಲಿಗೆ ಡಿಸೈನು, ಮಹಿಳಾ ಸಮಾಜದ ವರದಿ. ಜಾಗ ಸಾಲದಾದಾಗ ಮೊದಲು ಕಣ್ಣು ಬೀಳೋದು ಇವುಗಳ ಮೇಲೇ. “ಇದೆಲ್ಲಾ ಏನು, ಸುಮ್ನೆ ಇದೆಯಲ್ಲ, ತೆಗೀಲಾ?” ಅಂತ ಕೇಳೋದು ಬೇರೆ. ಎಷ್ಟೋ ಸಲ ನಾವೇ, “ಹೂಂ, ತೆಗೀರಿ, ಏನಿಲ್ಲ ಅದರಲ್ಲಿ” ಅಂದಿರುತ್ತೇವೆ. ನಮ್ಮದನ್ನು ನಾವೇ ಕಸ ಅಂದುಕೊಂಡರೆ ಬೇರೆಯವರು ಜೋಪಾನ ಮಾಡುತ್ತಾರೆಯೇ?

ಹಾಗಾಗಿ ಈ ಬುಟ್ಟಿಯ ವಿಷಯ ಬರೀ ತಾಂತ್ರಿಕ ವಿಷಯ ಅಲ್ಲ. ಮನೆಯಲ್ಲಿ ಯಾರ ಸಾಮಾನಿಗೆ ಎಷ್ಟು ಬೆಲೆ ಅನ್ನೋ ವಿಷಯವೂ ಹೌದು. ಒಂದು ಸುಲಭದ ಪರಿಹಾರ ಇದೆ. ವಿಂಡೋಸ್‌ನಲ್ಲಿ ಮನೆಮಂದಿಗೆಲ್ಲ ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿಕೊಳ್ಳಬಹುದು. ಆಗ ಒಬ್ಬೊಬ್ಬರಿಗೂ ಅವರದೇ ಡೆಸ್ಕ್‌ಟಾಪ್, ಅವರದೇ ರೀಸೈಕಲ್ ಬಿನ್. ಯಜಮಾನರು ತಮ್ಮ ಬುಟ್ಟಿ ಖಾಲಿ ಮಾಡಿದರೆ ನಿಮ್ಮ ಬುಟ್ಟಿಯಲ್ಲಿರುವುದು ಹಾಗೇ ಇರುತ್ತೆ. ನಮ್ಮನೆಯಲ್ಲಿ ಹಬ್ಬ ಕಳೆದ ವಾರವೇ ಈ ಕೆಲಸ ಆಯ್ತು.

<b>ಬುಟ್ಟಿಯ ಹುಟ್ಟು</b>

ಈ ಬುಟ್ಟಿ ಬಂದದ್ದಾದರೂ ಹೇಗೆ? 1983ರಲ್ಲಿ ಆಪಲ್ ಕಂಪನಿ ‘ಲಿಸಾ’ ಅನ್ನುವ ಕಂಪ್ಯೂಟರ್ ತಂದಿತು. ಆಫೀಸಿನ ಮೇಜನ್ನೇ ಪರದೆಯ ಮೇಲೆ ತೋರಿಸುವುದು ಅದರ ಉಪಾಯ. ಮೇಜು ಅಂದಮೇಲೆ ಕಾಗದ, ಫೈಲು, ಪಕ್ಕದಲ್ಲೊಂದು ಕಸದ ಬುಟ್ಟಿ. 1984ರ ಮೆಕಿಂಟಾಷ್‌ನಲ್ಲೂ ಬುಟ್ಟಿ ಬಂತು. ಅದಕ್ಕಿಂತ ಹಿಂದಿನ ಕಂಪ್ಯೂಟರುಗಳಲ್ಲಿ ಆಜ್ಞೆ ಟೈಪ್ ಮಾಡಿ ಅಳಿಸಿದರೆ ಸಾಮಾನ್ಯವಾಗಿ ಮುಗಿದೇ ಹೋಗುತ್ತಿತ್ತು, ‘ಅಯ್ಯೋ’ ಅನ್ನೋಕೂ ಸಮಯ ಇರಲಿಲ್ಲ. ಮನುಷ್ಯರು ತಪ್ಪು ಮಾಡುತ್ತಾರೆ ಅಂತ ಒಪ್ಪಿಕೊಂಡು ಮಾಡಿದ ಒಳ್ಳೆ ವ್ಯವಸ್ಥೆ ಇದು.

ಹಾಗಂತ ಗೊಂದಲ ಆಗಲೂ ಕಡಿಮೆ ಇರಲಿಲ್ಲ. ಮೊದಮೊದಲ ಮೆಕಿಂಟಾಷ್‌ಗಳಲ್ಲಿ ಕಂಪ್ಯೂಟರ್ ಆಫ್ ಮಾಡಿದರೆ ಬುಟ್ಟಿಯೂ ತಾನಾಗಿ ಖಾಲಿಯಾಗುತ್ತಿತ್ತು. ನಾವೇ ಹೇಳುವ ತನಕ ಇಟ್ಟುಕೊಳ್ಳುವ ಪದ್ಧತಿ ಬಂದದ್ದು 1991ರ ‘ಸಿಸ್ಟಂ 7’ನಲ್ಲಿ. ಇನ್ನೊಂದು ತಮಾಷೆ ಕೇಳಿ. ಆ ಕಂಪ್ಯೂಟರಿನಿಂದ ಫ್ಲಾಪಿ ಹೊರಗೆ ತೆಗೆಯಬೇಕಾದರೆ ಅದರ ಚಿತ್ರವನ್ನು ಎಳೆದು ಕಸದ ಬುಟ್ಟಿಗೆ ಹಾಕಬೇಕಿತ್ತು! ಇದ್ದಬದ್ದದ್ದೆಲ್ಲ ಅಳಿಸಿಹೋದರೆ ಅಂತ ಜನ ಹೆದರುತ್ತಿದ್ದರು. ಫ್ಲಾಪಿಗೆ ಏನೂ ಆಗುತ್ತಿರಲಿಲ್ಲ, ಸುಮ್ಮನೆ ಹೊರಗೆ ಬರುತ್ತಿತ್ತು. ಅಂದರೆ ಈ ಬುಟ್ಟಿಯನ್ನು ತಪ್ಪು ತಿಳಿಯೋದು ನಮ್ಮಿಂದ ಶುರುವಾದದ್ದಲ್ಲ, ಹುಟ್ಟಿದಾಗಿನಿಂದಲೂ ಇದೆ.

ಮೈಕ್ರೋಸಾಫ್ಟ್‌ನವರು 1995ರಲ್ಲಿ ವಿಂಡೋಸ್ 95 ತಂದಾಗ ಅದಕ್ಕೆ ರೀಸೈಕಲ್ ಬಿನ್, ಅಂದರೆ ಮರುಬಳಕೆಯ ಬುಟ್ಟಿ ಅಂತ ಹೆಸರಿಟ್ಟರು. ಎಷ್ಟೋ ಜನಕ್ಕೆ ಈ ಹೆಸರೇ ಗೊಂದಲ. ನಮ್ಮ ಫೈಲನ್ನು ಕರಗಿಸಿ ಬೇರೇನೋ ಮಾಡುತ್ತಾರಾ ಅಂತ ನಮ್ಮತ್ತೆಯೇ ಒಮ್ಮೆ ಕೇಳಿದ್ದರು. ಹಾಗೇನಿಲ್ಲ. ಬೇಡ ಅನ್ನಿಸಿದ್ದು ಬೇಕಾದರೆ ಮತ್ತೆ ತೆಗೆದು ಬಳಸಬಹುದು. ಬುಟ್ಟಿ ಖಾಲಿ ಮಾಡಿದ ಮೇಲೆ ಮರುಬಳಕೆ ಆಗೋದು ಡಿಸ್ಕಿನಲ್ಲಿ ಅದು ಕೂತಿದ್ದ ಜಾಗ. ಇಷ್ಟೇ.

<b>ನಾವು ಮಾಡುವ ತಪ್ಪುಗಳು</b>

<b>ಬುಟ್ಟಿಗೆ ಹಾಕಿದರೆ ಜಾಗ ಉಳಿಯುತ್ತೆ ಅಂದುಕೊಳ್ಳೋದು.</b> ಉಳಿಯೋದಿಲ್ಲ. ಹಾಲ್‌ನಲ್ಲಿದ್ದ ಹಳೇ ಪೇಪರನ್ನು ಬಾಲ್ಕನಿಗೆ ಹಾಕಿದರೆ ಹಾಲ್ ಚೊಕ್ಕಟ ಕಾಣುತ್ತೆ, ಆದರೆ ಪೇಪರ್ ಮನೆಯಲ್ಲೇ ಇದೆಯಲ್ಲ. ಹಾಗೆ. ಬಿನ್‌ನಲ್ಲಿರುವ ಫೈಲು ಮೊದಲಿನಷ್ಟೇ ಜಾಗ ಹಿಡಿದಿರುತ್ತೆ. ಜೀಮೇಲ್‌ನಲ್ಲೂ ಇದೇ ಕಥೆ. ಪುಕ್ಕಟೆ ಖಾತೆಗೆ ಸಾಮಾನ್ಯವಾಗಿ ಸಿಗುವ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಅಳಿಸಿದ ಮೇಲ್‌ಗಳು ಬಿನ್‌ನಲ್ಲಿ ಇರುವಷ್ಟು ದಿನವೂ ಲೆಕ್ಕಕ್ಕೆ ಸೇರುತ್ತವೆ. ‘ಅಷ್ಟೊಂದು ಅಳಿಸಿದೆ, ಆದರೂ ಫುಲ್ ಅಂತಿದೆ’ ಅನ್ನುವವರು ಮೊದಲು ಬಿನ್ ನೋಡಿ.

<b>ಬುಟ್ಟಿಯನ್ನೇ ಬೀರು ಮಾಡಿಕೊಳ್ಳೋದು.</b> ನಗಬೇಡಿ, ಇದು ನಿಜ. ನಮ್ಮ ದೊಡ್ಡಮ್ಮ ಬೇಕಾದ ಮೇಲ್‌ಗಳನ್ನೆಲ್ಲ ಓದಿದ ಮೇಲೆ ಬಿನ್‌ಗೆ ಹಾಕುತ್ತಿದ್ದರು. “ಎದುರಿಗೆ ಇದ್ದರೆ ಗಲೀಜು ಕಣೇ. ಅಲ್ಲಾದರೆ ಒಂದೇ ಒತ್ತು, ಒಳಗೆ ಹೋಗಿ ಕೂತಿರುತ್ತೆ, ಬೇಕಾದಾಗ ತೆಗೀಬಹುದು” ಅನ್ನೋದು ಅವರ ವಾದ. ಇನ್ಶೂರೆನ್ಸ್ ಪಾಲಿಸಿಯ ಕಾಗದವೂ ಅಲ್ಲೇ ಇತ್ತು. ಎರಡು ತಿಂಗಳು ಬಿಟ್ಟು ನೋಡಿದರೆ ಏನೂ ಇಲ್ಲ! ಜೀಮೇಲ್ ಬಿನ್‌ನಲ್ಲಿರೋದು 30 ದಿನ ಕಳೆದ ಮೇಲೆ ತಾನಾಗಿ ಹೋಗುತ್ತೆ. ಓದಿ ಮುಗಿದ, ಆದರೆ ಬೇಕಾದ ಮೇಲ್‌ಗೆ ‘ಆರ್ಕೈವ್’ ಅಂತ ಬೇರೆಯೇ ಗುಂಡಿ ಇದೆ. ಅದನ್ನು ಒತ್ತಿದರೆ ಇನ್‌ಬಾಕ್ಸ್‌ನಿಂದ ಮರೆಯಾಗುತ್ತೆ, ಕಳೆದುಹೋಗೋದಿಲ್ಲ. ಹುಡುಕಿದರೆ ಸಿಗುತ್ತೆ. ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಈ ಗುಂಡಿ.

ಒಂದೊಂದು ಬುಟ್ಟಿಗೆ ಒಂದೊಂದು ಗಡುವು. ಗೂಗಲ್ ಡ್ರೈವ್‌ನಲ್ಲಿ ಮೊದಲು ನಾವೇ ಖಾಲಿ ಮಾಡುವ ತನಕ ಇರುತ್ತಿತ್ತು. 2020ರ ಅಕ್ಟೋಬರ್‌ನಿಂದ ಅಲ್ಲೂ 30 ದಿನ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿರುವ ಚಿತ್ರವಾದರೆ 60 ದಿನ. ಐಫೋನಿನಲ್ಲಿ 30 ದಿನ. ಕಂಪ್ಯೂಟರಿನ ರೀಸೈಕಲ್ ಬಿನ್‌ಗೆ ಇಷ್ಟೇ ದಿನ ಅಂತ ಕಟ್ಟುನಿಟ್ಟಿಲ್ಲ, ಆದರೆ ಅದಕ್ಕೊಂದು ಅಳತೆ ಇದೆ. ತುಂಬಿದರೆ ಹಳೆಯದು ಮೊದಲು ಹೋಗುತ್ತೆ. ವಿಂಡೋಸ್ 10 ಮತ್ತು 11ರಲ್ಲಿ ‘ಸ್ಟೋರೇಜ್ ಸೆನ್ಸ್’ ಅನ್ನುವ ಸೌಲಭ್ಯ ಚಾಲೂ ಇದ್ದರೆ ಅದೂ ಹಳೇ ಕಸವನ್ನು ತಾನೇ ತೆಗೆಯುತ್ತೆ.

<b>ಎಲ್ಲವೂ ಬುಟ್ಟಿಗೆ ಹೋಗುತ್ತೆ ಅಂತ ನಂಬೋದು.</b> ಇದರಲ್ಲಿ ಪೆಟ್ಟು ತಿಂದವರೇ ಹೆಚ್ಚು. ವಿಂಡೋಸ್‌ನಲ್ಲಿ ಪೆನ್‌ಡ್ರೈವ್‌ನಿಂದ, ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಬರೋದೇ ಇಲ್ಲ, ನೇರ ಹೋಗುತ್ತೆ. ಶಿಫ್ಟ್ ಒತ್ತಿಕೊಂಡು ಡಿಲೀಟ್ ಒತ್ತಿದರೂ ಅಷ್ಟೇ. ಬುಟ್ಟಿಗೆ ಹಿಡಿಸದಷ್ಟು ದೊಡ್ಡ ವಿಡಿಯೋ ಆದರೂ ಅಷ್ಟೇ. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ‘ಶಾಶ್ವತವಾಗಿ ಅಳಿಸಲೇ?’ ಅಂತ ಕೇಳುತ್ತೆ. ನಾವು ಓದದೆ ಯೆಸ್ ಒತ್ತಿರುತ್ತೇವೆ. ‘ಪರ್ಮನೆಂಟ್ಲಿ’ ಅನ್ನೋ ಪದ ಕಂಡರೆ ಕೈ ತೆಗೆದು ಎರಡು ಸಲ ಓದಿ.

ವಾಟ್ಸ್‌ಆಪ್‌ನಲ್ಲಿ ಬುಟ್ಟಿಯೇ ಇಲ್ಲ. ಕಳಿಸಿದ ಮೆಸೇಜನ್ನು ಎಲ್ಲರಿಗೂ ಅಳಿಸುವ ‘ಡಿಲೀಟ್ ಫಾರ್ ಎವ್ರಿವನ್’ 2017ರಲ್ಲಿ ಬಂತು. ಅವಸರದಲ್ಲಿ ಅದರ ಬದಲು ‘ಡಿಲೀಟ್ ಫಾರ್ ಮಿ’ ಒತ್ತಿದರೆ ನಮಗೆ ಕಾಣೋದಿಲ್ಲ, ಗುಂಪಿನಲ್ಲಿ ಉಳಿದವರಿಗೆಲ್ಲ ಕಾಣುತ್ತಿರುತ್ತೆ! ನಾದಿನಿಗೆ ಕಳಿಸಬೇಕಾದ ಮಾತು ಬೀಗರ ಗ್ರೂಪಿಗೆ ಹೋಗಿ, ಅವಸರದಲ್ಲಿ ಹೀಗೆ ಮಾಡಿಕೊಂಡವರನ್ನು ನಾನು ಬಲ್ಲೆ. ಈಗ ತಕ್ಷಣ ‘ಅನ್‌ಡೂ’ ಅಂತ ಕೆಲವೇ ಸೆಕೆಂಡು ತೋರಿಸುತ್ತೆ, ಗಾಬರಿ ಆಗದೆ ಅದನ್ನು ಒತ್ತಿ.

<b>ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಇರುತ್ತೆ ಅನ್ನೋ ಭರವಸೆ.</b> ಫೋಟೋಗಳೆಲ್ಲ ಗೂಗಲ್‌ಗೆ ಹೋಗಿವೆ, ಇನ್ನು ಫೋನಿನಲ್ಲಿರೋದನ್ನು ಅಳಿಸೋಣ ಅಂತ ಗೂಗಲ್ ಫೋಟೋಸ್ ಆಪ್ ಒಳಗಿಂದಲೇ ಡಿಲೀಟ್ ಮಾಡಿದರೆ ಎರಡೂ ಕಡೆಯಿಂದ ಹೋಗುತ್ತೆ. ಬರೀ ಫೋನಿನ ಜಾಗ ಖಾಲಿ ಮಾಡೋಕೆ ‘ಫ್ರೀ ಅಪ್ ಸ್ಪೇಸ್’ ಅಂತಲೇ ಬೇರೆ ಇದೆ. ಐಫೋನಿನಲ್ಲಿ ಐಕ್ಲೌಡ್ ಫೋಟೋಸ್ ಚಾಲೂ ಇದ್ದರೂ ಇದೇ ಕಥೆ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಹೋಗುತ್ತೆ. ಇದಕ್ಕೆ ಉಲ್ಟಾ ತಪ್ಪೂ ಇದೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟನ್ನು ಬಿನ್‌ಗೆ ಹಾಕಿ, ಆ ಪ್ರೋಗ್ರಾಮನ್ನೇ ತೆಗೆದೆ ಅಂದುಕೊಳ್ಳೋದು. ಚೀಟಿ ಹರಿದರೆ ಮನೆ ಬೀಳುತ್ತಾ?

<b>ಬುಟ್ಟಿಗೆ ಬೀಗ ಇದೆ ಅಂದುಕೊಳ್ಳೋದು.</b> ನನ್ನ ಗೆಳತಿಯೊಬ್ಬಳು ಹತ್ತು ವರ್ಷದ ನಂತರ ಮತ್ತೆ ಕೆಲಸಕ್ಕೆ ಸೇರೋಣ ಅಂತ ಅರ್ಜಿ ಬರೆದಳು. ಇನ್ನೂ ಮನೆಯಲ್ಲಿ ಹೇಳಿರಲಿಲ್ಲ. ಕಳಿಸಿದ ಮೇಲೆ ಲ್ಯಾಪ್‌ಟಾಪಿನಿಂದ ಅಳಿಸಿದಳು. ಗಂಡ ಬಿನ್‌ನಲ್ಲಿ ಏನನ್ನೋ ಹುಡುಕುವಾಗ ಅದು ಸಿಕ್ಕಿತು. ವಿಷಯಕ್ಕಿಂತ ‘ನನಗೆ ಯಾಕೆ ಹೇಳಲಿಲ್ಲ’ ಅನ್ನೋದೇ ದೊಡ್ಡದಾಗಿ ಎರಡು ದಿನ ಮನೆಯಲ್ಲಿ ಮಾತಿಲ್ಲ. ಬೇಡ ಅನ್ನೋದು ಬೇರೆ, ಬೇರೆಯವರಿಗೆ ಕಾಣಬಾರದು ಅನ್ನೋದು ಬೇರೆ. ಬಿನ್ ಇರೋದು ಮೊದಲನೆಯದಕ್ಕೆ. ಎರಡನೆಯದಕ್ಕೆ ನಿಮ್ಮದೇ ಅಕೌಂಟು, ನಿಮ್ಮದೇ ಪಾಸ್‌ವರ್ಡ್ ಬೇಕು. ಗಂಡನಿಗೆ ಹೇಳದ ಒಂದು ಕಾಗದ ಹೆಂಡತಿ ಹತ್ತಿರ ಇರೋದು ಅಪರಾಧ ಅಲ್ಲ. ಅವರ ಆಫೀಸ್ ಫೈಲನ್ನು ನಾವು ತೆರೆದು ನೋಡುತ್ತೇವೆಯೇ?

<b>ಖಾಲಿ ಮಾಡಿದರೂ ಹೋಗೋದಿಲ್ಲ!</b>

ಕೊನೆಯದು ಎಲ್ಲಕ್ಕಿಂತ ವಿಚಿತ್ರ. ಬೇಕಾದದ್ದು ಹೋಗಿಬಿಡುತ್ತೆ, ಬೇಡವಾದದ್ದು ಮಾತ್ರ ಹೋಗೋದಿಲ್ಲ! ಹೇಗೆ ಅಂತೀರಾ? ಬಿನ್ ಖಾಲಿ ಮಾಡಿದಾಗ ಕಂಪ್ಯೂಟರ್ ಫೈಲನ್ನು ಉಜ್ಜಿ ತೊಳೆಯೋದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಆ ಪಾಠದ ಹೆಸರು ಹೊಡೆದುಹಾಕಿ, ‘ಈ ಪುಟಗಳಲ್ಲಿ ಬೇರೆ ಬರೆಯಬಹುದು’ ಅಂತ ಗುರುತು ಮಾಡಿಕೊಳ್ಳುತ್ತೆ. ಹೊಸದೇನಾದರೂ ಅದರ ಮೇಲೆ ಬರೆಯುವ ತನಕ ಹಳೆಯದು ಹಾಗೇ ಇರುತ್ತೆ. ಅಮ್ಮನ ಐದು ಹಾಡು ಸಿಕ್ಕಿದ್ದು ಇದರಿಂದಲೇ. ನಾಲ್ಕು ಹಾಳಾದದ್ದೂ ಇದರಿಂದಲೇ, ಯಾಕಂದರೆ ಆ ಮೂರು ವಾರ ನಾವು ಲ್ಯಾಪ್‌ಟಾಪ್ ಬಳಸುತ್ತಲೇ ಇದ್ದೆವು. ಅದು ಹಳೇ ಕಾಲದ ತಿರುಗುವ ಹಾರ್ಡ್‌ಡಿಸ್ಕ್ ಆದ್ದರಿಂದ ಇಷ್ಟಾದರೂ ಸಿಕ್ಕಿತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿಗಳು ಬಿಟ್ಟ ಜಾಗವನ್ನು ತಾವೇ ಬೇಗ ಚೊಕ್ಕ ಮಾಡಿಕೊಳ್ಳುತ್ತವೆ, ಅಲ್ಲಿ ವಾಪಸ್ ಸಿಗೋ ಆಸೆ ತೀರಾ ಕಡಿಮೆ.

ಹಾಗಾದರೆ ಹಳೇ ಕಂಪ್ಯೂಟರನ್ನು ಮಾರಿದಾಗ? ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಹಳೇ ಹಾರ್ಡ್‌ಡಿಸ್ಕ್ ಕೊಂಡು ಪರೀಕ್ಷೆ ಮಾಡಿ 2003ರಲ್ಲಿ ವರದಿ ಪ್ರಕಟಿಸಿದರು. ಸರಿಯಾಗಿ ಅಳಿಸಿ ಮಾರಿದವರು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆ, ರೋಗಿಗಳ ವಿವರ, ಖಾಸಗಿ ಮೇಲ್‌ಗಳು ಸಿಕ್ಕವು. ಮಾರಿದವರು ಪಾಪ, ಎಲ್ಲ ಅಳಿಸಿದ್ದೇವೆ ಅಂತಲೇ ನಂಬಿದ್ದಿರಬೇಕು.

ನಾವೂ ಅಷ್ಟೇ. ಹಬ್ಬದ ಎಕ್ಸ್‌ಚೇಂಜ್ ಆಫರ್ ಬಂದರೆ ಹಳೇ ಫೋನು, ಹಳೇ ಲ್ಯಾಪ್‌ಟಾಪ್ ಕೊಟ್ಟುಬಿಡುತ್ತೇವೆ. ಅದರಲ್ಲಿ ಮಕ್ಕಳ ಫೋಟೋ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ, ಡಾಕ್ಟರ್ ರಿಪೋರ್ಟ್ ಎಲ್ಲ ಇರುತ್ತೆ. ಬಿನ್ ಖಾಲಿ ಮಾಡಿ ಕೊಟ್ಟರೆ ಸಾಲದು. ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವ್ರಿಥಿಂಗ್’ ಆರಿಸಿ, ಡ್ರೈವ್ ಪೂರ್ತಿ ಕ್ಲೀನ್ ಮಾಡುವ ಆಯ್ಕೆಯನ್ನೂ ಕೊಡಿ. ಗಂಟೆಗಟ್ಟಲೆ ಹಿಡಿಯಬಹುದು, ಹಿಡಿಯಲಿ. ಫೋನ್ ಆದರೆ ಗೂಗಲ್ ಅಥವಾ ಆಪಲ್ ಅಕೌಂಟಿನಿಂದ ಹೊರಗೆ ಬಂದು ಫ್ಯಾಕ್ಟರಿ ರೀಸೆಟ್ ಮಾಡಿ. ಈಚಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗುಪ್ತ ಲಿಪಿಯಲ್ಲಿ ಇರೋದರಿಂದ ರೀಸೆಟ್ ಆದಮೇಲೆ ಓದೋಕೆ ಆಗೋದಿಲ್ಲ. ಮೆಮೊರಿ ಕಾರ್ಡ್, ಸಿಮ್ ಮರೆಯದೆ ತೆಗೆದಿಟ್ಟುಕೊಳ್ಳಿ.

<b>ಉಪ್ಪಿನಕಾಯಿ ಜಾಡಿಯ ಪಾಠ</b>

ನಮ್ಮಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿದರೆ ಒಂದೇ ದೊಡ್ಡ ಜಾಡಿಗೆ ತುಂಬುತ್ತಿರಲಿಲ್ಲ. ಎರಡು ಮೂರು ಜಾಡಿಗೆ ಹಂಚಿ, ಒಂದನ್ನು ಅಕ್ಕನ ಮನೆಗೂ ಕಳಿಸುತ್ತಿದ್ದರು. ಒಂದಕ್ಕೆ ಬೂಷ್ಟು ಬಂದರೂ ಇನ್ನೊಂದು ಉಳಿಯಲಿ ಅಂತ. ಕಂಪ್ಯೂಟರ್ ತಿಳಿದವರು ಹೇಳೋದೂ ಅದನ್ನೇ. ಮುಖ್ಯವಾದದ್ದು ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿರಲಿ, ಒಂದು ಮನೆಯಿಂದ ಹೊರಗಿರಲಿ. ಉಳಿದ ಐದೂವರೆ ಹಾಡು ಈಗ ಲ್ಯಾಪ್‌ಟಾಪಿನಲ್ಲಿದೆ, ಒಂದು ಹಾರ್ಡ್‌ಡಿಸ್ಕಿನಲ್ಲಿದೆ, ಗೂಗಲ್ ಡ್ರೈವ್‌ನಲ್ಲಿದೆ. ಅಕ್ಕನಿಗೂ ತಮ್ಮನಿಗೂ ಕಳಿಸಿದ್ದೇನೆ. ಉಪ್ಪಿನಕಾಯಿಗೆ ಗೊತ್ತಿದ್ದ ಬುದ್ಧಿ ಹಾಡಿಗೆ ಹೊಳೆಯಲಿಲ್ಲ ನೋಡಿ.

ಹೋದ ಹಸೆ ಹಾಡಿಗೆ ಏನು ಮಾಡಿದೆ ಅಂತೀರಾ? ಅಕ್ಕನಿಗೆ ಎರಡು ನುಡಿ ನೆನಪಿತ್ತು. ಊರಿನಲ್ಲಿರುವ ಚಿಕ್ಕಮ್ಮನಿಗೆ ಪೂರ್ತಿ ಬರುತ್ತೆ. ಮುಂದಿನ ಸಲ ಹೋದಾಗ ಹೇಳಿಸಿಕೊಂಡು ಬರೆದುಕೊಳ್ಳುತ್ತೇನೆ. ಹಾಡು ಸಿಗುತ್ತೆ. “ಸಾಕು ಬಿಡೇ, ಗಂಟಲು ಒಣಗ್ತಿದೆ” ಅಂದ ದನಿ ಇತ್ತಲ್ಲ, ಅದು ಆ ಹಾಡಿನ ಕೊನೆಯಲ್ಲಿತ್ತು. ಅದು ಸಿಗೋದಿಲ್ಲ.

ಅಡುಗೆಮನೆಯ ಬುಟ್ಟಿಯನ್ನು ಆಟೋದವರಿಗೆ ಕೊಡುವ ಮುಂಚೆ ಹಸಿ ಕಸ, ಒಣ ಕಸ ಅಂತ ಬೇರೆ ಮಾಡುವ ನಾವು, ಕಂಪ್ಯೂಟರಿನ ಬುಟ್ಟಿಯನ್ನೂ ಖಾಲಿ ಮಾಡುವ ಮುನ್ನ ಒಮ್ಮೆ ತೆರೆದು ನೋಡೋಣ. ಮನೆಯವರನ್ನೂ ಒಂದು ಮಾತು ಕೇಳೋಣ, ನಮ್ಮನ್ನೂ ಕೇಳಲಿ ಅಂತ ಹೇಳೋಣ. ಎರಡು ನಿಮಿಷದ ಕೆಲಸ ಅಷ್ಟೇ.

<b>ನೆನಪಿರಲಿ</b>

• ತಪ್ಪಿ ಅಳಿಸಿದ ಫೈಲು ಬಿನ್‌ನಲ್ಲಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಸ್ಟೋರ್’ ಒತ್ತಿ. ಮೊದಲು ಎಲ್ಲಿತ್ತೋ ಅಲ್ಲಿಗೇ ಹೋಗುತ್ತೆ.

• ಬಿನ್ ಕೂಡ ಖಾಲಿಯಾಗಿದ್ದರೆ ಕಂಪ್ಯೂಟರ್ ಬಳಸೋದನ್ನು ತಕ್ಷಣ ನಿಲ್ಲಿಸಿ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಹಾಕಬೇಡಿ, ಕಳೆದುಹೋದದ್ದರ ಮೇಲೆಯೇ ಅದು ಕೂರಬಹುದು.

• ಪೆನ್‌ಡ್ರೈವ್‌ಗೆ ಕಾಪಿ ಮಾಡಿದ ಮೇಲೆ ಎಷ್ಟು ಎಂಬಿ ಅಂತ ನೋಡಿ. ಹಾಡು, ವಿಡಿಯೋ ಒಂದೆರಡು ಕೆಬಿ ಇರೋಕೆ ಸಾಧ್ಯವಿಲ್ಲ. ಬೇರೆ ಕಂಪ್ಯೂಟರಿಗೆ ಚುಚ್ಚಿ ತೆರೆದು ನೋಡಿದರೆ ಇನ್ನೂ ವಾಸಿ.

• ಅಳಿಸಿದ ಮೇಲೆ ಬಿನ್ ಖಾಲಿ ಮಾಡೋಕೆ ಒಂದು ವಾರವಾದರೂ ಬಿಡಿ.

• ಬೇಕಾದ ಮೇಲ್‌ಗೆ ‘ಆರ್ಕೈವ್’, ಬೇಡದ ಮೇಲ್‌ಗೆ ಮಾತ್ರ ‘ಡಿಲೀಟ್’.

• ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಎಲ್ಲರಿಗೂ ಬೇರೆ ಬೇರೆ ಅಕೌಂಟ್ ಮಾಡಿಕೊಳ್ಳಿ. ಮೊದಲು ನಿಮ್ಮದು ಮಾಡಿಕೊಳ್ಳಿ!